ಗ್ರಾವಿಟಾನ್‌ಗೆ ರಾಶಿ ಉಂಟೇ? ಕಪ್ಪುಕುಳಿಗಳ ಒರೆಗಲ್ಲಿನಲ್ಲಿ ಗುರುತ್ವದ ಹೊಸ ಸಿದ್ಧಾಂತ

ಗುರುತ್ವ ಬಲವನ್ನು ಒಂದು ವಸ್ತುವಿನಿಂದ ಇನ್ನೊಂದಕ್ಕೆ ತಲುಪಿಸುವ ಕಣವೆಂದು ಭೌತವಿಜ್ಞಾನಿಗಳು ಭಾವಿಸಿರುವ ಗ್ರಾವಿಟಾನ್‌ಗೆ ದ್ರವ್ಯರಾಶಿ ಇಲ್ಲ. ಇದು ಆಲ್ಬರ್ಟ್ ಐನ್‌ಸ್ಟೈನ್ 1915ರಲ್ಲಿ ಮಂಡಿಸಿದ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತದಿಂದ ಹೊರಡುವ ನಿಲುವು. ಆ ಕಣಕ್ಕೆ ಅತ್ಯಲ್ಪವಾದರೂ ಸರಿ, ಸೊನ್ನೆಯಲ್ಲದ ರಾಶಿ ಇದ್ದರೆ ಏನಾಗುತ್ತದೆ ಎಂದು ವಿಚಾರಿಸುವ ಸಿದ್ಧಾಂತಗಳ ಗುಂಪನ್ನು 'ರಾಶಿಯುಕ್ತ ಗುರುತ್ವ' ಎಂದು ಕರೆಯಬಹುದು. ವಿಶ್ವವು ಏಕೆ ಹೆಚ್ಚುತ್ತಿರುವ ವೇಗದಲ್ಲಿ ಹಿಗ್ಗುತ್ತಿದೆ ಎಂಬ ಒಗಟನ್ನು ಬಿಡಿಸುವ ಆಸೆ ಈ ಸಿದ್ಧಾಂತಗಳಿಗೆ ಮರುಜೀವ ಕೊಟ್ಟಿದೆ. ಆದರೆ ಇಡೀ ವಿಶ್ವದ ಲೆಕ್ಕವನ್ನು ಸರಿಪಡಿಸಲು ಹೊರಟ ಈ ಸಿದ್ಧಾಂತ ಕೆಲವೇ ಕಿಲೋಮೀಟರ್ ಅಗಲದ ಕಪ್ಪುಕುಳಿಯ ಬಳಿ ಬಂದಾಗ ತೊಡಕಿಗೆ ಸಿಲುಕುತ್ತದೆ. ಅಲ್ಲಿ ಅದು ಉಳಿದುಕೊಳ್ಳುವುದೇ ಎಂಬುದು ಸೈದ್ಧಾಂತಿಕ ಭೌತವಿಜ್ಞಾನದ ಗಂಭೀರ ಪ್ರಶ್ನೆಗಳಲ್ಲಿ ಒಂದಾಗಿದೆ.

ರಾಶಿಯೂ ವ್ಯಾಪ್ತಿಯೂ

ಬಲವನ್ನು ಸಾಗಿಸುವ ಕಣದ ರಾಶಿಗೂ ಆ ಬಲ ಎಷ್ಟು ದೂರ ತಲುಪುತ್ತದೆ ಎಂಬುದಕ್ಕೂ ನೇರ ನಂಟಿದೆ. ಜಪಾನಿನ ಹಿದೆಕಿ ಯುಕಾವಾ 1935ರಲ್ಲಿ ಪರಮಾಣು ಬೀಜದೊಳಗಿನ ಬಲವನ್ನು ವಿವರಿಸುವಾಗ ಇದನ್ನು ತೋರಿಸಿಕೊಟ್ಟರು. ಕಣ ಭಾರವಾದಷ್ಟೂ ಬಲದ ವ್ಯಾಪ್ತಿ ಕಿರಿದಾಗುತ್ತದೆ. ಬೆಳಕಿನ ಕಣವಾದ ಫೋಟಾನ್‌ಗೆ ರಾಶಿಯಿಲ್ಲದ ಕಾರಣ ವಿದ್ಯುತ್ಕಾಂತ ಬಲಕ್ಕೆ ದೂರದ ಮಿತಿಯಿಲ್ಲ. 1983ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಪತ್ತೆಯಾದ ಡಬ್ಲ್ಯೂ ಮತ್ತು ಝಡ್ ಕಣಗಳಾದರೋ ಪ್ರೋಟಾನಿಗಿಂತ ಸುಮಾರು 85ರಿಂದ 97 ಪಟ್ಟು ಭಾರ. ಆದುದರಿಂದಲೇ ಅವು ಸಾಗಿಸುವ ದುರ್ಬಲ ಬಲ ಪರಮಾಣು ಬೀಜದ ಎಲ್ಲೆಯನ್ನೂ ದಾಟಲಾರದು.

ಗುರುತ್ವ ಬಲ ಸೌರವ್ಯೂಹವನ್ನಷ್ಟೇ ಅಲ್ಲ, ಬ್ರಹ್ಮಾಂಡಗಳ ಗುಚ್ಛಗಳನ್ನೂ ಹಿಡಿದಿಟ್ಟಿದೆ. ಆದ್ದರಿಂದ ಗ್ರಾವಿಟಾನ್‌ಗೆ ರಾಶಿ ಇದ್ದರೂ ಅದು ಊಹೆಗೆ ನಿಲುಕದಷ್ಟು ಸಣ್ಣದಿರಬೇಕು. ಆಗ ಸಮೀಪದಲ್ಲಿ ನ್ಯೂಟನ್ನನ ನಿಯಮ ಎಂದಿನಂತೆ ನಡೆಯುತ್ತದೆ. ಒಂದು ದೂರದಾಚೆಗೆ ಮಾತ್ರ ಆಕರ್ಷಣೆ ಆ ನಿಯಮ ಹೇಳುವುದಕ್ಕಿಂತ ಬೇಗ ಕ್ಷೀಣಿಸುತ್ತದೆ.

ರಾಶಿ ಸೇರಿದರೆ ಇನ್ನೊಂದು ಬದಲಾವಣೆಯೂ ಆಗುತ್ತದೆ. ಐನ್‌ಸ್ಟೈನರ ಸಿದ್ಧಾಂತದಲ್ಲಿ ಗುರುತ್ವ ತರಂಗವು ಎರಡು ಬಗೆಯಲ್ಲಿ ಮಾತ್ರ ಕಂಪಿಸಬಲ್ಲದು. ರಾಶಿಯುಕ್ತ ಗ್ರಾವಿಟಾನ್‌ಗೆ ಐದು ಬಗೆಯ ಕಂಪನಗಳಿವೆ. ಹೆಚ್ಚುವರಿಯಾಗಿ ಬಂದ ಈ ಮೂರು ಕಂಪನಗಳೇ ಮುಂದಿನ ಎಲ್ಲ ತೊಡಕುಗಳಿಗೂ ಮೂಲ.

1970ರ ಆಘಾತ, 1972ರ ಪರಿಹಾರ

ರಾಶಿಯುಳ್ಳ ಗ್ರಾವಿಟಾನ್‌ಗೆ ಒಪ್ಪುವ ಮೊದಲ ಸಮೀಕರಣವನ್ನು 1939ರಲ್ಲಿ ಮಾರ್ಕುಸ್ ಫಿಯರ್ಜ್ ಮತ್ತು ವುಲ್ಫ್‌ಗ್ಯಾಂಗ್ ಪೌಲಿ ರಚಿಸಿದರು. ದುರ್ಬಲ ಗುರುತ್ವ ಕ್ಷೇತ್ರಗಳಿಗಷ್ಟೇ ಅನ್ವಯಿಸುವ ಆ ಸಮೀಕರಣ ಮೂರು ದಶಕಗಳ ಕಾಲ ಹೆಚ್ಚು ಚರ್ಚೆಯಿಲ್ಲದೆ ಉಳಿಯಿತು. 1970ರಲ್ಲಿ ಹೆಂಡ್ರಿಕ್ ವ್ಯಾನ್ ಡ್ಯಾಮ್ ಮತ್ತು ಮಾರ್ಟಿನಸ್ ವೆಲ್ಟ್‌ಮನ್ ಜೋಡಿ ಹಾಗೂ ಪ್ರತ್ಯೇಕವಾಗಿ ರಷ್ಯದ ವಿ.ಐ. ಜಖರೋವ್ ಅದರಿಂದ ಹೊರಡುವ ಒಂದು ವಿಚಿತ್ರ ಫಲಿತಾಂಶವನ್ನು ಮುಂದಿಟ್ಟರು. ಗ್ರಾವಿಟಾನ್‌ನ ರಾಶಿಯನ್ನು ಎಷ್ಟೇ ಕಡಿಮೆ ಮಾಡಿದರೂ, ಸೊನ್ನೆಯ ಅಂಚಿಗೇ ತಂದರೂ, ಉತ್ತರ ಐನ್‌ಸ್ಟೈನರ ಉತ್ತರವನ್ನು ಮುಟ್ಟುವುದಿಲ್ಲ ಎಂಬುದೇ ಆ ಫಲಿತಾಂಶ.

ಕಾರಣ ಹೀಗಿದೆ: ಹೆಚ್ಚುವರಿ ಕಂಪನಗಳಲ್ಲಿ ಒಂದು ವಸ್ತುಗಳ ನಡುವಿನ ಸೆಳೆತಕ್ಕೆ ತನ್ನ ಪಾಲನ್ನು ಸೇರಿಸುತ್ತದೆ, ಬೆಳಕನ್ನು ಮಾತ್ರ ಮುಟ್ಟುವುದಿಲ್ಲ. ಗ್ರಹಗಳ ಚಲನೆಗೆ ಸರಿಹೊಂದುವಂತೆ ಗುರುತ್ವದ ಬಲವನ್ನು ನಿಗದಿ ಮಾಡಿದರೆ ಸೂರ್ಯನ ಪಕ್ಕದಲ್ಲಿ ಹಾದುಬರುವ ನಕ್ಷತ್ರದ ಬೆಳಕು ನಾಲ್ಕರಲ್ಲಿ ಮೂರು ಪಾಲಿನಷ್ಟೇ ಬಾಗಬೇಕಾಗುತ್ತದೆ. ಐನ್‌ಸ್ಟೈನರ ಲೆಕ್ಕದಂತೆ ಈ ಬಾಗು 1.75 ಆರ್ಕ್ ಸೆಕೆಂಡ್. ರಾಶಿಯುಕ್ತ ಗುರುತ್ವದ ಲೆಕ್ಕದಂತೆ ಸುಮಾರು 1.31. ಅಳತೆಗಳು ಐನ್‌ಸ್ಟೈನರ ಪರವಾಗಿಯೇ ಇದ್ದುದರಿಂದ ಗ್ರಾವಿಟಾನ್‌ಗೆ ರಾಶಿ ಕಿಂಚಿತ್ತೂ ಇರಲು ಸಾಧ್ಯವಿಲ್ಲ ಎಂಬಂತಾಯಿತು.

ಈ ತೀರ್ಪಿಗೆ 1972ರಲ್ಲಿ ಅರ್ಕಾಡಿ ವೈನ್‌ಶ್ಟೈನ್ ತಡೆಯೊಡ್ಡಿದರು. ಭಾರವಾದ ಕಾಯದ ಸಮೀಪದಲ್ಲಿ ಸರಳ ಸಮೀಕರಣ ನಿಲ್ಲುವುದೇ ಇಲ್ಲ, ಪೂರ್ಣ ಸಮೀಕರಣವನ್ನು ಬಳಸಿದರೆ ಆ ಹೆಚ್ಚುವರಿ ಕಂಪನ ತನ್ನ ಶಕ್ತಿಯನ್ನು ಕಳೆದುಕೊಂಡು ಮರೆಯಾಗುತ್ತದೆ ಎಂದು ಅವರು ವಾದಿಸಿದರು. ಈ ಮರೆ ಎಷ್ಟು ದೂರದವರೆಗೆ ಇರುತ್ತದೆ ಎಂಬುದನ್ನು ಅವರ ಹೆಸರಿನ ತ್ರಿಜ್ಯವೇ ಸೂಚಿಸುತ್ತದೆ. ಗ್ರಾವಿಟಾನ್ ಬಲದ ವ್ಯಾಪ್ತಿ ಕಾಣುವ ವಿಶ್ವದಷ್ಟೇ ಎಂದು ಇಟ್ಟುಕೊಂಡರೆ ಸೂರ್ಯನ ಸುತ್ತ ಈ ತ್ರಿಜ್ಯ ಕೆಲವು ನೂರು ಜ್ಯೋತಿರ್ವರ್ಷಗಳಾಗುತ್ತದೆ. ಇಡೀ ಸೌರವ್ಯೂಹ ಅದರೊಳಗೇ ಅಡಗುವುದರಿಂದ ಇಲ್ಲಿನ ಅಳತೆಗಳಲ್ಲಿ ವ್ಯತ್ಯಾಸ ಕಾಣದು.

ಭೂತದ ಕಾಟ

ಆದರೆ ಅದೇ ವರ್ಷ ಇನ್ನೊಂದು ಪೆಟ್ಟು ಬಿತ್ತು. ಅಮೆರಿಕದ ಡೇವಿಡ್ ಬೌಲ್ವೇರ್ ಮತ್ತು ಸ್ಟ್ಯಾನ್ಲಿ ಡೆಸರ್ ಪೂರ್ಣ ಸಮೀಕರಣದಲ್ಲಿ ಐದರ ಜೊತೆಗೆ ಆರನೆಯ ಕಂಪನವೊಂದು ನುಸುಳುವುದನ್ನು ಕಂಡುಹಿಡಿದರು. ಅದರ ಶಕ್ತಿ ಋಣಾತ್ಮಕ. ಭೌತವಿಜ್ಞಾನದ ಪರಿಭಾಷೆಯಲ್ಲಿ ಇಂಥದಕ್ಕೆ 'ಭೂತ' ಎಂದೇ ಹೆಸರು. ಭೂತವಿರುವ ಸಿದ್ಧಾಂತದಲ್ಲಿ ಬರಿದಾದ ಆಕಾಶವೂ ಸ್ಥಿರವಾಗಿ ಉಳಿಯುವುದಿಲ್ಲ. ಧನಾತ್ಮಕ ಮತ್ತು ಋಣಾತ್ಮಕ ಶಕ್ತಿಯ ಕಣಗಳು ಅಡೆತಡೆಯಿಲ್ಲದೆ ಹುಟ್ಟುತ್ತ ಹೋಗುತ್ತವೆ. ವೈನ್‌ಶ್ಟೈನ್ ಅವರ ಪರಿಹಾರಕ್ಕೆ ಪೂರ್ಣ ಸಮೀಕರಣ ಬೇಕು, ಪೂರ್ಣ ಸಮೀಕರಣದಲ್ಲಿ ಭೂತವಿದೆ. ಈ ಇಕ್ಕಟ್ಟಿನಿಂದ ರಾಶಿಯುಕ್ತ ಗುರುತ್ವದ ಅಧ್ಯಯನ ಬಹುತೇಕ ನಿಂತೇಹೋಯಿತು.

ಮರುಜೀವ ಬಂದದ್ದು 1998ರ ಬಳಿಕ. ದೂರದ ಸೂಪರ್‌ನೋವಾಗಳನ್ನು ಗಮನಿಸಿದ ಎರಡು ತಂಡಗಳು ವಿಶ್ವದ ಹಿಗ್ಗುವಿಕೆ ನಿಧಾನವಾಗುವ ಬದಲು ವೇಗ ಪಡೆಯುತ್ತಿದೆ ಎಂದು ಆಗ ಪ್ರಕಟಿಸಿದವು. ಈ ಶೋಧಕ್ಕಾಗಿ ಸಾಲ್ ಪರ್ಲ್‌ಮಟರ್, ಬ್ರಯಾನ್ ಷ್ಮಿಟ್ ಮತ್ತು ಆಡಂ ರೀಸ್ 2011ರ ನೊಬೆಲ್ ಪ್ರಶಸ್ತಿ ಪಡೆದರು. ವೇಗ ಹೆಚ್ಚಿಸುತ್ತಿರುವುದು ಯಾವುದೋ ಅಗೋಚರ ಶಕ್ತಿ ಎಂಬುದು ಬಹುಮಂದಿಯ ಅಭಿಪ್ರಾಯ. ಗುರುತ್ವವೇ ಅತಿ ದೂರದಲ್ಲಿ ಸೊರಗಿದರೆ ಹೊಸ ಶಕ್ತಿಯ ನೆರವಿಲ್ಲದೆಯೂ ಇದನ್ನು ವಿವರಿಸಬಹುದಲ್ಲವೇ ಎಂಬುದು ಮತ್ತೊಂದು ವಿಚಾರಧಾರೆ. ಇದಕ್ಕೆ ಬೇಕಾದ ಗ್ರಾವಿಟಾನ್ ರಾಶಿಯನ್ನು ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನದಲ್ಲಿ ಬರೆದರೆ ದಶಮಾಂಶ ಬಿಂದುವಿನ ಮುಂದೆ 32 ಸೊನ್ನೆಗಳ ನಂತರ 1 ಬರುತ್ತದೆ. ಹೋಲಿಕೆಗೆ ಹೇಳುವುದಾದರೆ ಹಗುರ ಕಣವೆನಿಸಿದ ಎಲೆಕ್ಟ್ರಾನಿನ ರಾಶಿ ಇದೇ ಮಾನದಲ್ಲಿ 5,11,000.

ಸ್ವಿಟ್ಜರ್ಲೆಂಡ್ ಮೂಲದ ಕ್ಲಾಡಿಯಾ ಡಿ ರಾಮ್, ಗ್ರೆಗರಿ ಗಬದಾದ್ಜೆ ಮತ್ತು ಆಂಡ್ರ್ಯೂ ಟೋಲಿ 2010ರಲ್ಲಿ ಭೂತವನ್ನು ಹೊರಗಟ್ಟುವ ಉಪಾಯವನ್ನು ಕಂಡುಕೊಂಡರು. ಸಮೀಕರಣದ ಪದಗಳನ್ನು ನಿರ್ದಿಷ್ಟ ಪ್ರಮಾಣದಲ್ಲಿ ಮಾತ್ರ ಜೋಡಿಸಿದರೆ ಆರನೆಯ ಕಂಪನ ಏಳುವುದೇ ಇಲ್ಲ. ಫವಾದ್ ಹಸನ್ ಮತ್ತು ರೇಚಲ್ ರೋಸೆನ್ ಮುಂದಿನ ಎರಡು ವರ್ಷಗಳಲ್ಲಿ ಇದನ್ನು ಸಂಪೂರ್ಣ ಸಮೀಕರಣಕ್ಕೂ ಸಾಧಿಸಿ ತೋರಿಸಿದರು. ಸುಮಾರು 40 ವರ್ಷಗಳ ಬಳಿಕ ಭೂತವಿಲ್ಲದ ರಾಶಿಯುಕ್ತ ಗುರುತ್ವ ಸಿದ್ಧಾಂತವೊಂದು ದೊರೆತಂತಾಯಿತು.

ಎರಡು ಅಳತೆಗೋಲುಗಳ ಸಮಸ್ಯೆ

ಈ ಸಿದ್ಧಾಂತಕ್ಕೆ ಒಂದು ವಿಶೇಷವಿದೆ. ಐನ್‌ಸ್ಟೈನರ ಗುರುತ್ವದಲ್ಲಿ ದೇಶಕಾಲವನ್ನು ಅಳೆಯುವ ಗಣಿತದ ಅಳತೆಗೋಲು ಒಂದೇ. ದ್ರವ್ಯ ಎಲ್ಲಿದೆಯೋ ಅದಕ್ಕೆ ತಕ್ಕಂತೆ ಅದು ಬಾಗುತ್ತದೆ. ಗ್ರಾವಿಟಾನ್‌ಗೆ ರಾಶಿ ಕೊಡಬೇಕಾದರೆ ಎರಡನೆಯ ಅಳತೆಗೋಲೊಂದು ಅನಿವಾರ್ಯ. ಮೂಲ ಸಿದ್ಧಾಂತದಲ್ಲಿ ಈ ಎರಡನೆಯದು ಬಾಗದ, ಬದಲಾಗದ ಚಪ್ಪಟೆ ದೇಶಕಾಲ. ಹಸನ್ ಮತ್ತು ರೋಸೆನ್ ರೂಪಿಸಿದ ವಿಸ್ತೃತ ಸಿದ್ಧಾಂತದಲ್ಲಿ ಎರಡೂ ಬಾಗಬಲ್ಲವು.

ತೊಂದರೆ ಮೊದಲು ಕಾಣಿಸಿದ್ದು ವಿಶ್ವದ ಮಟ್ಟದಲ್ಲೇ. ಎಲ್ಲ ಕಡೆಯೂ ಒಂದೇ ರೀತಿಯಾಗಿ ಹರಡಿ ಹಿಗ್ಗುವ ಸರಳ ಸಮತಲ ವಿಶ್ವವನ್ನು ಚಪ್ಪಟೆ ಅಳತೆಗೋಲಿನ ಸಿದ್ಧಾಂತದಲ್ಲಿ ಕಟ್ಟಲು ಬರುವುದಿಲ್ಲ ಎಂದು 2011ರಲ್ಲಿ ತಿಳಿದುಬಂತು. ಇದನ್ನು ಕಂಡುಕೊಂಡವರ ಪೈಕಿ ಸಿದ್ಧಾಂತದ ಮೂವರು ಕರ್ತೃಗಳೂ ಇದ್ದರು. ಹೆಚ್ಚು ತೀಕ್ಷ್ಣವಾದ ಸವಾಲು ಎದುರಾದದ್ದು ಕಪ್ಪುಕುಳಿಯಿಂದ.

ಕಪ್ಪುಕುಳಿಯ ಸುತ್ತ ಘಟನಾ ದಿಗಂತವೆಂಬ ಎಲ್ಲೆಯಿದೆ. ಅದನ್ನು ದಾಟಿ ಒಳಹೊಕ್ಕ ಬೆಳಕು ಮರಳಿ ಬರುವುದಿಲ್ಲ. ಆದರೂ ಐನ್‌ಸ್ಟೈನರ ಸಿದ್ಧಾಂತದಲ್ಲಿ ಆ ಎಲ್ಲೆಯ ಬಳಿ ಅಸಹಜವಾದುದೇನೂ ಘಟಿಸುವುದಿಲ್ಲ. ಸಾಕಷ್ಟು ದೊಡ್ಡ ಕಪ್ಪುಕುಳಿಯ ದಿಗಂತವನ್ನು ದಾಟುವ ಯಾತ್ರಿಕನಿಗೆ ತಾನು ದಾಟಿದ್ದೂ ತಿಳಿಯದು. ಅಳತೆಗೋಲುಗಳು ಎರಡಾದಾಗ ಈ ನೆಮ್ಮದಿ ಉಳಿಯುವುದಿಲ್ಲ. ಎರಡೂ ಅಳತೆಗೋಲುಗಳನ್ನು ಒಂದೇ ಸರಳ ನಿರ್ದೇಶಾಂಕಗಳಲ್ಲಿ ಬರೆಯಲು ಸಾಧ್ಯವಿರುವ ನಿಶ್ಚಲ ಕಪ್ಪುಕುಳಿಯಲ್ಲಿ ಒಂದಕ್ಕೆ ದಿಗಂತವಿದ್ದರೆ ಇನ್ನೊಂದಕ್ಕೂ ಅದೇ ಜಾಗದಲ್ಲಿ ದಿಗಂತವಿರಲೇಬೇಕು ಎಂದು ಸೆಡ್ರಿಕ್ ಡೆಫಾಯೆ ಮತ್ತು ಟೆಡ್ ಜೇಕಬ್ಸನ್ ನಿರೂಪಿಸಿದರು. ಚಪ್ಪಟೆ ದೇಶಕಾಲಕ್ಕಾದರೋ ಇಂಥ ದಿಗಂತವೇ ಇಲ್ಲ. ಪರಿಣಾಮವಾಗಿ ದಿಗಂತದ ಮೇಲೆಯೇ ಸಮೀಕರಣ ಕುಸಿದು ಅನಂತಕ್ಕೆ ಏರುತ್ತದೆ. ಐನ್‌ಸ್ಟೈನರ ಕಪ್ಪುಕುಳಿಯಲ್ಲಿ ಒಡಲಾಳದಲ್ಲಿ ಅಡಗಿರುವ ಅನಂತತೆ ಇಲ್ಲಿ ಹೊಸ್ತಿಲಿಗೇ ಬಂದು ನಿಲ್ಲುತ್ತದೆ.

ಪಾರಾಗುವ ದಾರಿಗಳು ಇಲ್ಲದಿಲ್ಲ. ಎರಡು ಅಳತೆಗೋಲುಗಳನ್ನು ಓರೆಯಾಗಿ ಹೊಂದಿಸಿದರೆ ಅನಂತತೆಯಿಲ್ಲದ ಪರಿಹಾರಗಳು ದೊರೆಯುತ್ತವೆ. ಇನ್ನೊಂದು ದಾರಿಯನ್ನು 2017ರಲ್ಲಿ ರೇಚಲ್ ರೋಸೆನ್ ಸೂಚಿಸಿದರು. ರಾಶಿಯುಕ್ತ ಗುರುತ್ವದ ಕಪ್ಪುಕುಳಿ ನಿಶ್ಚಲವಾಗಿ ಇರಬೇಕೆಂಬ ಹಟವನ್ನು ಬಿಟ್ಟು, ಅದು ಕಾಲಕ್ರಮದಲ್ಲಿ ಬದಲಾಗುತ್ತಿರುತ್ತದೆ ಎಂದು ಒಪ್ಪಿಕೊಂಡರೆ ದಿಗಂತ ಮತ್ತೆ ಸಹಜ ಸ್ಥಿತಿಗೆ ಬರುತ್ತದೆ. ಗ್ರಾವಿಟಾನ್‌ನ ರಾಶಿ ಅತಿ ಕಡಿಮೆಯಿದ್ದರೆ ಆ ಬದಲಾವಣೆಯೂ ಅತಿ ಮಂದಗತಿಯದು.

ವಿಶ್ವೇಶ್ವರರ ಪ್ರಶ್ನೆ, 2013ರ ಉತ್ತರ

ಕಪ್ಪುಕುಳಿಯ ಸಮೀಕರಣ ದೊರೆತರೆ ಸಾಲದು, ಆ ಕಪ್ಪುಕುಳಿ ತಾಳಿ ಬಾಳುವುದೇ ಎಂಬುದನ್ನೂ ನೋಡಬೇಕು. ಈ ಪ್ರಶ್ನೆಯ ಇತಿಹಾಸದಲ್ಲಿ ಕರ್ನಾಟಕದ ವಿಜ್ಞಾನಿಯೊಬ್ಬರಿಗೆ ಹಿರಿಯ ಸ್ಥಾನವಿದೆ. ಬೆಂಗಳೂರಿನಲ್ಲಿ 1938ರಲ್ಲಿ ಜನಿಸಿ, ಮುಂದೆ ಅಲ್ಲಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದ ಸಿ.ವಿ. ವಿಶ್ವೇಶ್ವರ ಅವರು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದವರು. ತಿರುಗದ ಕಪ್ಪುಕುಳಿಯನ್ನು ಕೊಂಚ ಅಲುಗಿಸಿದರೆ ಅದು ಚದುರಿಹೋಗುವುದಿಲ್ಲ, ಮತ್ತೆ ಶಾಂತವಾಗುತ್ತದೆ ಎಂದು ಅವರು 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದರು. ಬಾರಿಸಿದ ಗಂಟೆಯ ನಾದ ಕ್ರಮೇಣ ಅಡಗುವಂತೆ ಕಪ್ಪುಕುಳಿಯ ಕಂಪನವೂ ಅಡಗುತ್ತದೆ ಎಂಬುದೂ ಅದೇ ವರ್ಷದ ಅವರ ಲೆಕ್ಕದಿಂದ ಹೊರಬಿತ್ತು. ಗುರುತ್ವ ತರಂಗಗಳ ಪ್ರಥಮ ಪತ್ತೆಯ ಘೋಷಣೆಯನ್ನು ಕೇಳುವ ಭಾಗ್ಯ ಅವರದಾಯಿತು. 2017ರ ಜನವರಿಯಲ್ಲಿ ಅವರು ನಿಧನರಾದರು.

ಅದೇ ಪ್ರಶ್ನೆಯನ್ನು 2013ರಲ್ಲಿ ರಾಶಿಯುಕ್ತ ಗುರುತ್ವದ ಕಪ್ಪುಕುಳಿಗೆ ಕೇಳಿದಾಗ ದೊರೆತ ಉತ್ತರ ಬೇರೆಯಾಗಿತ್ತು. ಎರಡು ಅಳತೆಗೋಲುಗಳೂ ಒಂದೇ ಬಗೆಯಲ್ಲಿ ಬಾಗಿರುವ ಅತಿ ಸರಳ ಕಪ್ಪುಕುಳಿ ಅಸ್ಥಿರ ಎಂದು ಯುಜೀನ್ ಬಬಿಚೆವ್ ಮತ್ತು ಅಲೆಸ್ಸಾಂಡ್ರೊ ಫಬ್ರಿ ಕಂಡುಕೊಂಡರು. ಸ್ವಲ್ಪ ಅಲುಗಿಸಿದರೆ ಕಂಪನ ಅಡಗುವ ಬದಲು ಬೆಳೆಯುತ್ತ ಹೋಗುತ್ತದೆ. ರಿಚರ್ಡ್ ಬ್ರಿಟೊ, ವಿಟೊರ್ ಕಾರ್ಡೊಸೊ ಮತ್ತು ಪಾವೊಲೊ ಪಾನಿ ಇದನ್ನು ದೃಢಪಡಿಸಿ ತಿರುಗುವ ಕಪ್ಪುಕುಳಿಗಳಿಗೂ ವಿಸ್ತರಿಸಿದರು. ಐದನೆಯ ಆಯಾಮದಲ್ಲಿ ಎಳೆದ ದಾರದಂತಿರುವ ಕಪ್ಪುಕುಳಿಗಳು ತುಂಡಾಗುವ ಸ್ವಭಾವದವು ಎಂದು ರೂತ್ ಗ್ರೆಗರಿ ಮತ್ತು ರೇಮಂಡ್ ಲಾಫ್ಲೇಮ್ 1993ರಲ್ಲಿ ತೋರಿಸಿದ್ದರು. ಎರಡು ಅಸ್ಥಿರತೆಗಳ ಹಿಂದಿರುವ ಗಣಿತ ಒಂದೇ ಎಂಬುದು ಇಲ್ಲಿನ ಸ್ವಾರಸ್ಯ.

ಈ ಅಸ್ಥಿರತೆ ಎಷ್ಟು ಬೇಗ ಬೆಳೆಯುತ್ತದೆ ಎಂಬುದನ್ನು ಗ್ರಾವಿಟಾನ್‌ನ ರಾಶಿಯೇ ನಿರ್ಧರಿಸುತ್ತದೆ. ರಾಶಿ ವಿಶ್ವದ ವೇಗೋತ್ಕರ್ಷಕ್ಕೆ ಬೇಕಾದಷ್ಟೇ ಇದ್ದರೆ ಬೆಳವಣಿಗೆಗೆ ವಿಶ್ವದ ವಯಸ್ಸಿನಷ್ಟು, ಎಂದರೆ ಸಾವಿರ ಕೋಟಿ ವರ್ಷಗಳಿಗೂ ಮೀರಿದ ಕಾಲ ಬೇಕು. ಹೀಗಾಗಿ ಈಗಿರುವ ಕಪ್ಪುಕುಳಿಗಳಿಗೆ ಅಪಾಯವಿಲ್ಲ. ಅದಕ್ಕೆ ಬದಲಾಗಿ ರಾಶಿಯು ಗುರುತ್ವ ತರಂಗಗಳ ವೀಕ್ಷಣೆ ಬಿಟ್ಟುಕೊಟ್ಟಿರುವ ಗರಿಷ್ಠ ಮಿತಿಯಷ್ಟಿದ್ದರೆ ಇದೇ ಲೆಕ್ಕ ಕೆಲವೇ ವರ್ಷಗಳಿಗೆ ಇಳಿಯುತ್ತದೆ. ಆಗ ಇಂಥ ಸರಳ ಕಪ್ಪುಕುಳಿಗಳು ಆಕಾಶದಲ್ಲಿ ಇರುವುದೇ ಸಾಧ್ಯವಿಲ್ಲ. ಅವು ಬೇರೊಂದು ರೂಪ ತಳೆದಿರಬೇಕು. ಆ ಅಂತಿಮ ರೂಪ ಯಾವುದು ಎಂಬ ಬಗ್ಗೆ ಸಂಶೋಧಕರಲ್ಲಿ ಒಮ್ಮತ ಮೂಡಿಲ್ಲ. ಕಪ್ಪುಕುಳಿಯ ಸುತ್ತ ರಾಶಿಯುಕ್ತ ಗುರುತ್ವ ಕ್ಷೇತ್ರದ ಹೊದಿಕೆಯೊಂದು ಉಳಿದುಕೊಳ್ಳಬಹುದು ಎಂಬುದು ಪರಿಶೀಲನೆಯಲ್ಲಿರುವ ಒಂದು ಸಾಧ್ಯತೆ.

ತಿರುಗುವ ಕಪ್ಪುಕುಳಿಗಳಿಂದ ಇನ್ನೊಂದು ಸಾಕ್ಷ್ಯವೂ ದೊರೆಯುತ್ತದೆ. ರಾಶಿಯುಳ್ಳ ಕಣಗಳ ಅಲೆಯು ಕಪ್ಪುಕುಳಿಯ ಗಾತ್ರಕ್ಕೆ ಹೊಂದಿಕೆಯಾಗುವಂತಿದ್ದರೆ ಆ ಅಲೆ ಕಪ್ಪುಕುಳಿಯ ತಿರುಗುವಿಕೆಯಿಂದ ಶಕ್ತಿಯನ್ನು ಹೀರಿ ಬೆಳೆಯುತ್ತದೆ, ಕಪ್ಪುಕುಳಿ ನಿಧಾನವಾಗುತ್ತದೆ. ಬ್ರಹ್ಮಾಂಡಗಳ ಕೇಂದ್ರಗಳಲ್ಲಿ ಬೃಹತ್ ಕಪ್ಪುಕುಳಿಗಳು ರಭಸದಿಂದ ತಿರುಗುತ್ತಿರುವುದು ಕಂಡುಬಂದಿದೆ. ಇದನ್ನು ಆಧರಿಸಿ ಬ್ರಿಟೊ ಮತ್ತು ಸಂಗಡಿಗರು ಗ್ರಾವಿಟಾನ್ ರಾಶಿಗೆ ಒಂದು ಮಿತಿ ಕಟ್ಟಿದರು. ಎಲೆಕ್ಟ್ರಾನ್ ವೋಲ್ಟ್ ಮಾನದಲ್ಲಿ ಅದು ದಶಮಾಂಶ ಬಿಂದುವಿನ ಮುಂದೆ 22 ಸೊನ್ನೆಗಳ ನಂತರ 5.

ಅಲೆಗಳು ಹೇಳಿದ್ದು

ಗುರುತ್ವ ತರಂಗಗಳು ಈ ಚರ್ಚೆಯನ್ನು ಕಾಗದದಿಂದ ವೀಕ್ಷಣೆಯ ಅಂಗಳಕ್ಕೆ ತಂದವು. ಅಮೆರಿಕದ ಲೈಗೊ ವೀಕ್ಷಣಾಲಯಗಳು 2015ರ ಸೆಪ್ಟೆಂಬರ್ 14ರಂದು ಮೊದಲ ಸಂಕೇತವನ್ನು ಹಿಡಿದವು. ಸೂರ್ಯನ ಸುಮಾರು 36 ಮತ್ತು 29 ಪಟ್ಟು ರಾಶಿಯ ಎರಡು ಕಪ್ಪುಕುಳಿಗಳು 130 ಕೋಟಿ ಜ್ಯೋತಿರ್ವರ್ಷಗಳಾಚೆ ಒಂದಾದ ಘಟನೆ ಅದು.

ಗ್ರಾವಿಟಾನ್‌ಗೆ ರಾಶಿ ಇದ್ದರೆ ಕಡಿಮೆ ಆವೃತ್ತಿಯ ಅಲೆಗಳು ಹೆಚ್ಚು ಆವೃತ್ತಿಯವುಗಳಿಗಿಂತ ಹಿಂದೆ ಬೀಳಬೇಕು. ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತ ಸಮೀಪಿಸುವಾಗ ಅಲೆಯ ಆವೃತ್ತಿ ಏರುತ್ತ ಹೋಗುತ್ತದೆ. ಮೊದಲು ಹೊರಟ ಅಲೆಗಳು ತಡವಾದರೆ ಸಂಕೇತವೇ ಒತ್ತಿಹಿಡಿದಂತೆ ಕಾಣಿಸುತ್ತದೆ. ಈ ಪರೀಕ್ಷೆಯನ್ನು 1998ರಲ್ಲೇ ಕ್ಲಿಫರ್ಡ್ ವಿಲ್ ಸೂಚಿಸಿದ್ದರು. ಮೊದಲ ಸಂಕೇತದಲ್ಲಿ ಅಂಥ ಒತ್ತಡ ಕಾಣಲಿಲ್ಲ. ಹಲವು ಘಟನೆಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಗ್ರಾವಿಟಾನ್‌ನ ರಾಶಿ 22 ಸೊನ್ನೆಗಳ ನಂತರ 127 ಎಂಬ ಸಂಖ್ಯೆಯನ್ನು ಮೀರುವಂತಿಲ್ಲ.

2017ರ ಆಗಸ್ಟ್ 17ರ ನ್ಯೂಟ್ರಾನ್ ನಕ್ಷತ್ರಗಳ ವಿಲೀನವು ಗುರುತ್ವದ ಇತರ ಹಲವು ಪರ್ಯಾಯ ಸಿದ್ಧಾಂತಗಳನ್ನು ಒಂದೇ ಏಟಿಗೆ ಉರುಳಿಸಿತ್ತು. ಸುಮಾರು 13 ಕೋಟಿ ವರ್ಷ ಪಯಣಿಸಿದ ಗುರುತ್ವ ತರಂಗ ಮತ್ತು ಗಾಮಾ ಕಿರಣಗಳು ಕೇವಲ 1.7 ಸೆಕೆಂಡ್ ಅಂತರದಲ್ಲಿ ಬಂದು ತಲುಪಿದ್ದವು. ರಾಶಿಯುಕ್ತ ಗುರುತ್ವ ಮಾತ್ರ ಆ ಏಟಿನಿಂದ ಪಾರಾಯಿತು. ಲೈಗೊ ಹಿಡಿಯುವ ಆವೃತ್ತಿಯಲ್ಲಿ, ಇಷ್ಟು ಸಣ್ಣ ರಾಶಿಯಿಂದ ವೇಗದಲ್ಲಿ ಉಂಟಾಗುವ ವ್ಯತ್ಯಾಸ ಆ ಅಳತೆಯ ನಿಖರತೆಗಿಂತಲೂ ಸಾವಿರಾರು ಪಟ್ಟು ಸೂಕ್ಷ್ಮ ಎಂಬುದೇ ಇದಕ್ಕೆ ಕಾರಣ. 2025ರ ಜನವರಿ 14ರಂದು ದಾಖಲಾದ ಅತಿ ಸ್ಪಷ್ಟ ಸಂಕೇತದಲ್ಲಿ ವಿಲೀನದ ನಂತರದ ಕಪ್ಪುಕುಳಿಯ ಗಂಟೆಯ ನಾದವೂ ಕೇಳಿಬಂದು, ಅದು ಐನ್‌ಸ್ಟೈನರ ಸಿದ್ಧಾಂತಕ್ಕೆ ಹೊಂದಿಕೆಯಾಗಿತ್ತು.

ಉಳಿದಿರುವ ಅಂತರ

ವೀಕ್ಷಣೆ ಕಟ್ಟಿರುವ ಮಿತಿಗೂ ವಿಶ್ವದ ವೇಗೋತ್ಕರ್ಷಕ್ಕೆ ಬೇಕಾದ ರಾಶಿಗೂ ನಡುವೆ ಸಾವಿರ ಕೋಟಿ ಪಟ್ಟು ಅಂತರವಿದೆ. ಈ ಅಂತರವನ್ನು ಲೈಗೊದಂಥ ಉಪಕರಣಗಳು ಮಾತ್ರವೇ ಕ್ರಮಿಸಲಾರವು. ಪಲ್ಸಾರ್‌ಗಳೆಂಬ ನಿಯತ ನಕ್ಷತ್ರ ಗಡಿಯಾರಗಳ ಮೂಲಕ ಅತಿ ನಿಧಾನದ ಗುರುತ್ವ ತರಂಗಗಳನ್ನು ಅರಸುವ ತಂಡಗಳು 2023ರ ಜೂನ್‌ನಲ್ಲಿ ಅವುಗಳ ಕುರುಹುಗಳನ್ನು ಪ್ರಕಟಿಸಿದವು. ಪುಣೆ ಬಳಿಯ ಬೃಹತ್ ರೇಡಿಯೊ ದೂರದರ್ಶಕದ ಮಾಹಿತಿಯೂ ಅದರಲ್ಲಿ ಬಳಕೆಯಾಗಿತ್ತು. ಈ ಅಲೆಗಳ ಒಂದು ಆವರ್ತನೆಗೆ ಹಲವಾರು ವರ್ಷಗಳೇ ಬೇಕು. ಗ್ರಾವಿಟಾನ್‌ಗೆ ರಾಶಿಯಿದ್ದರೆ ಒಂದು ಮಟ್ಟಕ್ಕಿಂತ ಕಡಿಮೆ ಆವೃತ್ತಿಯ ಅಲೆಗಳು ಚಲಿಸುವುದೇ ಇಲ್ಲ. ಆದುದರಿಂದ ಇಂಥ ನಿಧಾನದ ಅಲೆಗಳ ಇರುವಿಕೆಯೇ ರಾಶಿಯ ಮೇಲೆ ಇನ್ನಷ್ಟು ಬಿಗಿಯಾದ ಮಿತಿ ಹಾಕಬಲ್ಲದು.

ಐದು ಬಗೆಯ ಕಂಪನಗಳನ್ನು ಬೇರ್ಪಡಿಸಿ ನೋಡಲು ಭೂಮಿಯ ಬೇರೆ ಬೇರೆ ಕಡೆ ಬೇರೆ ಬೇರೆ ದಿಕ್ಕಿಗೆ ಮುಖಮಾಡಿರುವ ವೀಕ್ಷಣಾಲಯಗಳು ಬೇಕು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಸ್ಥಾಪಿಸಲು ಉದ್ದೇಶಿಸಿರುವ ಲೈಗೊ ಇಂಡಿಯಾಕ್ಕೆ 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟ 2,600 ಕೋಟಿ ರೂಪಾಯಿ ವೆಚ್ಚದ ಅನುಮೋದನೆ ನೀಡಿದೆ. ಈ ಪರೀಕ್ಷೆಯಲ್ಲಿ ಅದರ ನೆರವು ಗಣನೀಯವಾಗಲಿದೆ.

ಯಾವ ಉಪಕರಣವೂ ಗ್ರಾವಿಟಾನ್‌ನ ರಾಶಿ ನಿಖರವಾಗಿ ಸೊನ್ನೆ ಎಂದು ಅಳೆದು ತೋರಿಸಲಾರದು. ಮಿತಿಯನ್ನು ಇಳಿಸುತ್ತ ಹೋಗಬಹುದಷ್ಟೆ. ಆದರೆ ಈ ಇಳಿಕೆಗೂ ಒಂದು ಕೊನೆಯಿದೆ. 32 ಸೊನ್ನೆಗಳ ಆ ಮಟ್ಟಕ್ಕಿಂತಲೂ ತೀರ ಕಡಿಮೆಯಾದ ರಾಶಿಯಿದ್ದರೆ ಗುರುತ್ವದ ವ್ಯಾಪ್ತಿ ಕಾಣುವ ವಿಶ್ವವನ್ನೇ ಮೀರುವುದರಿಂದ ವಿಶ್ವದ ನಡೆಯಲ್ಲಿ ಗಮನಕ್ಕೆ ಬರುವ ವ್ಯತ್ಯಾಸವಾಗದು. ಹುಡುಕಬೇಕಾದ ಪ್ರದೇಶ ವಿಶಾಲವಾದರೂ ಅದಕ್ಕೆ ಎರಡೂ ಕಡೆ ಬೇಲಿಯಿದೆ. ಮೇಲಿನ ಬೇಲಿಯನ್ನು ಕಪ್ಪುಕುಳಿಗಳು ಕಟ್ಟುತ್ತಿವೆ, ಕೆಳಗಿನದು ವಿಶ್ವದ ವಿಸ್ತಾರದಿಂದಲೇ ಬಂದದ್ದು. ಐನ್‌ಸ್ಟೈನರ ಸಿದ್ಧಾಂತಕ್ಕೆ ತಿದ್ದುಪಡಿ ಬೇಕೇ ಎಂಬುದು ಇವೆರಡರ ನಡುವೆ ಇತ್ಯರ್ಥವಾಗಬೇಕಾಗಿದೆ.